ಹೈದರಾಬಾದ್–ದುಬೈ: ಹೋಗಲು ಎರಡೂವರೆ ತಾಸು, ಬರಲು ಐದು ತಾಸೇ?

ಪ್ರಶ್ನೆ: ದುಬೈಯಲ್ಲಿರುವ ಮಗ ನಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತಿದ್ದಾನೆ. ಟಿಕೆಟ್ಟಿನ ಪ್ರಕಾರ ಹೈದರಾಬಾದಿನಿಂದ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ ಮಧ್ಯಾಹ್ನ 12.30ಕ್ಕೆ ದುಬೈ ಸೇರುತ್ತದೆ. ಮರಳುವಾಗ ಬೆಳಿಗ್ಗೆ 10ಕ್ಕೆ ಹೊರಟು ಮಧ್ಯಾಹ್ನ 3ಕ್ಕೆ ಹೈದರಾಬಾದ್ ಸೇರುತ್ತದೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸವೇಕೆ? ನಮ್ಮ ಯಜಮಾನರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕಾದ್ದರಿಂದ ಕೇಳುತ್ತಿದ್ದೇನೆ.
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಟಿಕೆಟ್ಟಿನಲ್ಲಿ ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಂತೆಯೂ ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಂತೆಯೂ ನಮೂದಿಸುತ್ತಾರೆ. ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆದರೆ ಪ್ರಯಾಣದ ಅವಧಿ ಸಿಗುವುದಿಲ್ಲ. ಭಾರತದ ವೇಳೆ 82.5 ಡಿಗ್ರಿ ಪೂರ್ವ ರೇಖಾಂಶವನ್ನು, ದುಬೈಯ ವೇಳೆ 60 ಡಿಗ್ರಿಯನ್ನು ಅನುಸರಿಸುತ್ತದೆ. ಭೂಮಿ ತಾಸಿಗೆ 15 ಡಿಗ್ರಿ ತಿರುಗುವುದರಿಂದ ನಡುವಿನ 22.5 ಡಿಗ್ರಿಗೆ ಒಂದೂವರೆ ತಾಸು ಆಗುತ್ತದೆ. ದುಬೈಯಲ್ಲಿ 12.30 ಆದಾಗ ಸಿಂಧನೂರಿನಲ್ಲಿ 2 ಗಂಟೆ. ಹೀಗೆ ನೋಡಿದರೆ ಹೋಗುವ ಪ್ರಯಾಣ 4 ತಾಸಿನದು, ಮರಳುವ ಪ್ರಯಾಣ ಮೂರೂವರೆ ತಾಸಿನದು.

ಉಳಿದ ಅರ್ಧ ತಾಸಿನ ವ್ಯತ್ಯಾಸಕ್ಕೆ ಗಾಳಿ ಕಾರಣ. ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದೂರ ಸುಮಾರು 2,550 ಕಿ.ಮೀ. (ಇದನ್ನು ಗೋಳದ ಮೇಲೆ ದಾರ ಹಿಡಿದು ಅಳೆಯಬೇಕೇ ಹೊರತು ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟಲ್ಲ.) ತಾಸಿಗೆ 830 ಕಿ.ಮೀ. ವೇಗದ ವಿಮಾನಕ್ಕೆ ಇದು ಮೂರು ತಾಸಿಗಿಂತ ತುಸು ಹೆಚ್ಚಿನ ದಾರಿ. ಆದರೆ ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ಬಿರುಗಾಳಿ ಬೀಸುತ್ತಿರುತ್ತದೆ, ಅದರ ಅಂಚು ಈ ದಾರಿಗೂ ತಾಗುತ್ತದೆ. ಎದುರುಗಾಳಿ ಸರಾಸರಿ 100 ಕಿ.ಮೀ. ಇದ್ದರೆ ವಿಮಾನದ ವೇಗ ನೆಲದ ಲೆಕ್ಕದಲ್ಲಿ 730ಕ್ಕೆ ಇಳಿದು ಮೂರೂವರೆ ತಾಸು ಹಿಡಿಯುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ ಎರಡೂಮುಕ್ಕಾಲು ತಾಸು ಸಾಕು. ಟಿಕೆಟ್ಟಿನ ಅವಧಿ ಇದಕ್ಕಿಂತ ಹೆಚ್ಚಿರುವುದು ಸಹಜ, ಏಕೆಂದರೆ ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ ದುಬೈಯಲ್ಲಿ ನಿಲ್ಲುವವರೆಗಿನ ಹೊತ್ತೆಲ್ಲ ಅದರಲ್ಲಿ ಸೇರಿರುತ್ತದೆ. ಮಳೆಗಾಲದಲ್ಲಿ ಪಶ್ಚಿಮದ ಪ್ರವಾಹ ಹಿಮಾಲಯದಾಚೆ ಸರಿದು, ದಕ್ಷಿಣ ಭಾರತದ ಮೇಲೆ ಎತ್ತರದಲ್ಲಿ ಪೂರ್ವದ ಗಾಳಿ ಬೀಸತೊಡಗುವುದರಿಂದ ಈ ಅಂತರ ಬಹಳಷ್ಟು ಕುಗ್ಗುತ್ತದೆ.

ನಿಮ್ಮ ಯಜಮಾನರ ವಿಷಯದಲ್ಲಿ ನನಗೆ ಕಾಳಜಿ ಇರುವುದು ಈ ನಾಲ್ಕು ತಾಸಿನ ಬಗ್ಗೆ ಅಲ್ಲ, ಅದಕ್ಕೂ ಮುಂಚಿನ ಹೊತ್ತಿನ ಬಗ್ಗೆ. ವಿದೇಶ ಪ್ರಯಾಣಕ್ಕೆ ಮೂರು ತಾಸು ಮೊದಲೇ ಶಂಶಾಬಾದ್ ನಿಲ್ದಾಣದಲ್ಲಿರಬೇಕು. ಸಿಂಧನೂರಿನಿಂದ ರಾಯಚೂರು, ಮಹಬೂಬ್‌ನಗರದ ಮೂಲಕ ರಸ್ತೆಯಲ್ಲಿ ಐದಾರು ತಾಸು ಬೇಕಾಗುವುದರಿಂದ ನೀವು ಮಧ್ಯರಾತ್ರಿಯ ನಂತರ ಮನೆ ಬಿಡಬೇಕಾಗುತ್ತದೆ. ಬೆಳಗಿನ ಮಾತ್ರೆ ಮತ್ತು ಉಪಾಹಾರದ ಹೊತ್ತು ನಿಲ್ದಾಣದಲ್ಲೇ ಬರುತ್ತದೆ. ಮಾತ್ರೆ, ವೈದ್ಯರ ಚೀಟಿ ಮತ್ತು ತಿನ್ನಲು ಏನಾದರೂ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ದುಬೈ ತಲುಪುವವರೆಗೂ ಒಂದು ಕೈಗಡಿಯಾರವನ್ನು ಭಾರತದ ವೇಳೆಯಲ್ಲೇ ಇಟ್ಟುಕೊಂಡು ಅದರಂತೆ ಮಾತ್ರೆ ಕೊಡಿ. ಅಲ್ಲಿನ ವೇಳೆಗೆ ಹೇಗೆ ಹೊಂದಿಸಬೇಕೆಂದು, ಇನ್ಸುಲಿನ್ ಇದ್ದರಂತೂ ತಪ್ಪದೇ, ಹೊರಡುವ ಮೊದಲೇ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ.