ಹೊಸ ವರ್ಷನ್ ಹಾಕಿದ ಮೇಲೆ ಕೆಲವರಿಗೆ ಹಳೆ ಸೈಟು, ಕೆಲವರಿಗೆ ಬಿಳಿ ಪೇಜು. ಹೋಸ್ಟಿಂಗ್, ಅಂದರೆ ಸೈಟ್ ಇಟ್ಟಿರುವ ಸರ್ವರ್ ಸೇವೆ, ಬದಲಾಯಿಸಿ ನೆಟ್ಲಿಫೈಗೆ ಹೋಗಲಾ?

ಬದಲಾಯಿಸಬೇಡಿ. ನಾನು ಬದಲಾಯಿಸಿ ನೋಡಿದವನು, ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ.

ನಿಮ್ಮ ಲ್ಯಾಪ್‌ಟಾಪಲ್ಲಿ ಎಲ್ಲಾ ಸರಿ, ಬೇರೆಯವರ ಮೊಬೈಲಲ್ಲಿ ಮಾತ್ರ ಕಿರಿಕಿರಿ, ಅದೂ ಎಲ್ಲರಿಗೂ ಒಂದೇ ಥರ ಅಲ್ಲ. ಇಷ್ಟು ಓದುವಷ್ಟರಲ್ಲಿ ನನಗೆ 2019ರ ಫೆಬ್ರವರಿ ನೆನಪಾಯಿತು.

ಆಗ ಸಾಗರದಲ್ಲಿ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಅಡಿಕೆ ಬೆಳೆಗಾರರ ಒಂದು ಸಹಕಾರಿ ಸಂಘಕ್ಕೆ ಸೈಟ್ ಮಾಡಿಕೊಟ್ಟಿದ್ದೆ. ದೊಡ್ಡದೇನಲ್ಲ. ಸಂಜೆ ಸಂಘದವರು ಆ ದಿನದ ಧಾರಣೆ, ಅಂದರೆ ಅಡಿಕೆಯ ಒಂದೊಂದು ಜಾತಿಯ ದರ, ಹಾಕುತ್ತಾರೆ: ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ. ಬೆಳೆಗಾರರು ಮನೆಯಲ್ಲೇ ಮೊಬೈಲ್ ತೆಗೆದು ನೋಡುತ್ತಾರೆ. ಕಣ್ಣಿಗೆ ಕಾಣುವ ಮುಂದಿನ ಭಾಗ ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ, ಹಿಂದೆ ದರ ಕೇಳಿದರೆ ಕೊಡುವ ಸಣ್ಣದೊಂದು ನೋಡ್ ಎಪಿಐ, ಎರಡಕ್ಕೂ ಒಂದೇ ಬಾಡಿಗೆ ಸರ್ವರ್, ಬಾಗಿಲಲ್ಲಿ ಬಂದವರಿಗೆ ಫೈಲ್ ಕೊಡುವ ಎಂಜಿನ್‌ಎಕ್ಸ್. ಮೊದಲ ವರ್ಷನ್ ಹಾಕಿದ್ದು 2018ರ ನವೆಂಬರಿನಲ್ಲಿ. ಆಮೇಲೆ ಮೂರು ತಿಂಗಳು ಅದನ್ನು ಮುಟ್ಟಿರಲಿಲ್ಲ.

ಫೆಬ್ರವರಿಯಲ್ಲಿ ಸೆಕ್ರೆಟರಿಯವರು ಒಂದು ಬದಲಾವಣೆ ಕೇಳಿದರು. ಒಂದು ಜಾತಿಗೆ ಒಂದೇ ದರ ತೋರಿಸಿದರೆ ಸಾಲದು, ಕನಿಷ್ಠ ಗರಿಷ್ಠ ಎರಡೂ ಬೇಕು ಅಂತ. ಸರಿ ಅಂದೆ. ಎಪಿಐ ಕೊಡುವ ಉತ್ತರದ ಆಕಾರ ಬದಲಾಯಿಸಿದೆ, ಪೇಜ್ ಬದಲಾಯಿಸಿದೆ, ಸರ್ವರಿನಲ್ಲಿದ್ದ ಹಳೆ ಫೈಲೆಲ್ಲ ಅಳಿಸಿ ಹೊಸ ಬಿಲ್ಡ್, ಅಂದರೆ ಬ್ರೌಸರಿಗೆ ಕೊಡಲು ತಯಾರಾದ ಫೈಲುಗಳನ್ನು, ಹಾಕಿದೆ. ಲ್ಯಾಪ್‌ಟಾಪಲ್ಲಿ ತೆರೆದು ನೋಡಿದೆ. ಚೆನ್ನಾಗಿತ್ತು. ಊಟ ಮಾಡಿ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಸೆಕ್ರೆಟರಿಯವರ ಫೋನು. "ಏನ್ ಮಾರಾಯ, ರಾಶಿಗೆ ನ್ಯಾನ್ ಅಂತ ರೇಟು ಬಂದಿದ್ಯಂತೆ? ನಾಲ್ಕು ಜನ ಕೇಳಿದ್ರು, ಹಾಗಂದ್ರೆ ಎಷ್ಟು?"

ಎನ್‌ಎಎನ್, ಅಂದರೆ 'ನಾಟ್ ಎ ನಂಬರ್'. ಇಲ್ಲದ ಸಂಖ್ಯೆಯನ್ನು ಲೆಕ್ಕಕ್ಕೆ ಹಾಕಹೋದರೆ ಜಾವಾಸ್ಕ್ರಿಪ್ಟ್ ಬರೆಯುವುದು ಅದನ್ನೇ. ಅಂದರೆ ಹಳೆ ಕೋಡು ಹೊಸ ಎಪಿಐ ಹತ್ತಿರ ಹೋಗಿ, ಈಗ ಇಲ್ಲದ ಹಳೆ ಹೆಸರಿನ ದರವನ್ನು ಕೇಳುತ್ತಿದೆ. ಆದರೆ ಹಳೆ ಕೋಡನ್ನು ನಾನೇ ಅಳಿಸಿದ್ದೆನಲ್ಲ! ಅದು ಎಲ್ಲಿಂದ ಬಂತು? ಇನ್ನೂ ಕೆಲವರಿಗೆ ಮುಖಪುಟ ಬರುತ್ತಿತ್ತು, 'ಹಿಂದಿನ ಧಾರಣೆ' ಒತ್ತಿದ ಕೂಡಲೇ ಪೂರ್ತಿ ಬಿಳಿ.

ಆಗ ನಾನು ಮಾಡಿದ್ದು, ಬಹುಶಃ ನೀವೂ ಈಗಾಗಲೇ ಮಾಡಿರುವುದು, ಎಲ್ಲರಿಗೂ "ಕ್ಯಾಶ್ ಕ್ಲಿಯರ್ ಮಾಡಿ" ಅಂತ ಹೇಳಿದ್ದು. ಬ್ರೌಸರ್ ತಾನು ತಂದ ಫೈಲುಗಳ ಪ್ರತಿ ಇಟ್ಟುಕೊಳ್ಳುವ ಜಾಗವೇ ಕ್ಯಾಶ್. ಸಂಘದ ವಾಟ್ಸಾಪ್ ಗುಂಪಿಗೂ ಹಾಕಿಸಿದೆ. ಸಾಲ ಕೊಡುವ ಸಂಘ ಅದು. ಮಧ್ಯಾಹ್ನದೊಳಗೆ ಒಬ್ಬ ಹಿರಿಯರು ಪಾಸ್‌ಬುಕ್ ಹಿಡಿದುಕೊಂಡು ಆಫೀಸಿಗೇ ಬಂದರಂತೆ. "ನಂದು ಎಲ್ಲಾ ಕ್ಯಾಶೂ ಡಿಸೆಂಬರಲ್ಲೇ ಕ್ಲಿಯರ್ ಆಗಿದೆಯಲ್ಲ, ಇನ್ನೇನು ಬಾಕಿ?" ಅಂತ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಸೈಟ್ ನೋಡಲು ಅವರು ತಮ್ಮ ಬ್ರೌಸರ್ ರಿಪೇರಿ ಮಾಡಿಕೊಳ್ಳಬೇಕು ಅನ್ನುವುದೇ ಅಧಿಕಪ್ರಸಂಗ. ದಯವಿಟ್ಟು ನೀವು ಗ್ರಾಹಕರಿಗೆ ಈ ಮಾತು ಹೇಳಬೇಡಿ. ಹತ್ತು ಜನ ಕೇಳಿಸಿಕೊಳ್ಳುತ್ತಾರೆ, ಉಳಿದವರು ಸುಮ್ನೆ ಸೈಟ್ ಬಿಟ್ಟುಬಿಡುತ್ತಾರೆ.

ಆಮೇಲೆ ಹೋಸ್ಟಿಂಗ್ ಮೇಲೆ ಅನುಮಾನ ಬಂತು. ಸರ್ವರಿನವರೇ ಎಲ್ಲೋ ಹಳೆ ಫೈಲ್ ಇಟ್ಟುಕೊಂಡು ಕೊಡುತ್ತಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಬೇರೆ ಕಡೆ ಸರ್ವರ್ ತೆಗೆದುಕೊಂಡೆ, ಡಿಎನ್‌ಎಸ್ ಬದಲಾಯಿಸಿದೆ, ಹೊಸದಾಗಿ ಸರ್ಟಿಫಿಕೇಟ್ ಹಾಕಿದೆ. ಎರಡು ವಾರ ಹೋಯಿತು. ಎಂಜಿನ್‌ಎಕ್ಸ್ ಫೈಲನ್ನು ಮಾತ್ರ ಹಳೆ ಸರ್ವರಿನಿಂದ ಇದ್ದಂಗೇ ಕಾಪಿ ಮಾಡಿದೆ. ತಿಗಣೆ ಕಾಟ ಅಂತ ಮನೆ ಬದಲಾಯಿಸಿ, ಹಾಸಿಗೆಯನ್ನು ಜೊತೆಗೇ ಹೊತ್ತುಕೊಂಡು ಹೋದ ಹಾಗೆ.

ಹೊಸ ಸರ್ವರ್, ಅದೇ ನ್ಯಾನ್.

ಕೊನೆಗೆ ಸಂಘದ ಆಫೀಸಿಗೆ ಹೋಗಿ ಗುಮಾಸ್ತರ ಮೊಬೈಲ್ ಇಸಿದುಕೊಂಡೆ. ಅದರಲ್ಲಿ ನ್ಯಾನ್ ಇತ್ತು. ಕೇಬಲ್ ಹಾಕಿ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್, ಅಂದರೆ ಪೇಜಿನ ಒಳಗೆ ಇಣುಕಿ ನೋಡುವ ಡೆವ್‌ಟೂಲ್ಸ್, ತೆರೆದು, ಏನು ನಡೆಯುತ್ತದೆ ನೋಡೋಣ ಅಂತ ರೀಲೋಡ್ ಒತ್ತಿದೆ. ಸೈಟ್ ಸರಿಯಾಗಿಬಿಟ್ಟಿತು! ಗುಮಾಸ್ತರು ಕೈಮುಗಿದರು. ನನಗೆ ಅಳು ಬರುವುದೊಂದು ಬಾಕಿ. ಇದ್ದ ಒಂದು ಸಾಕ್ಷಿಯನ್ನೂ ನಾನೇ ಅಳಿಸಿಹಾಕಿದ್ದೆ. ರೀಲೋಡ್ ಒತ್ತಿದಾಗ ಕ್ರೋಮ್ ಮುಖ್ಯ ಪೇಜನ್ನು ಸರ್ವರ್ ಹತ್ತಿರ ಕೇಳಿಯೇ ತರುತ್ತದೆ. ಲಿಂಕ್ ಒತ್ತಿ ಬಂದಾಗ, ಅಥವಾ ಹೋಮ್ ಸ್ಕ್ರೀನಿನ ಐಕಾನ್ ಒತ್ತಿದಾಗ, ತನ್ನ ಹತ್ತಿರ ಇರುವ ಪ್ರತಿಗೆ ಇನ್ನೂ ಅವಧಿ ಇದೆ ಅನ್ನಿಸಿದರೆ ಕೇಳುವುದೇ ಇಲ್ಲ. ನಮ್ಮ ಬೆಳೆಗಾರರಲ್ಲಿ ಮುಕ್ಕಾಲು ಜನ ಐಕಾನ್ ಒತ್ತಿ ಬರುವವರು. ಹಾಗೆ ಇಡಲು ಅವರಿಗೆ ಹೇಳಿಕೊಟ್ಟವನೂ ನಾನೇ.

ಎರಡನೇ ಮೊಬೈಲಲ್ಲಿ ರೀಲೋಡ್ ಮುಟ್ಟಲಿಲ್ಲ. ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡು ಬೇರೆ ಪೇಜಿಗೆ ಹೋಗಿ, ಲಿಂಕಿನಿಂದ ಸೈಟಿಗೆ ಬಂದೆ. ಮೊದಲ ಸಾಲಿನಲ್ಲೇ ಕಂಡಿತು: ಸ್ಟೇಟಸ್ 200 (ಸಿಕ್ಕಿತು ಅಂತ ಅರ್ಥ), ಗಾತ್ರದ ಜಾಗದಲ್ಲಿ 'ಡಿಸ್ಕ್ ಕ್ಯಾಶಿನಿಂದ' ಅಂತ. ಇಂಡೆಕ್ಸ್ ಪೇಜ್, ಅಂದರೆ ಸೈಟಿನ ಮೊದಲ ಫೈಲ್, ಕೇಳಿಕೊಂಡು ಬ್ರೌಸರ್ ಸರ್ವರ್ ತನಕ ಬಂದೇ ಇರಲಿಲ್ಲ. ಮೂರು ತಿಂಗಳಿನಿಂದ.

ಇದು ಲ್ಯಾಪ್‌ಟಾಪಲ್ಲಿ ಯಾಕೆ ಕಾಣಲಿಲ್ಲ? ನನ್ನ ಡೆವ್‌ಟೂಲ್ಸ್ ಯಾವಾಗಲೂ ತೆರೆದಿರುತ್ತಿತ್ತು, ಅದರಲ್ಲಿ 'ಡಿಸೇಬಲ್ ಕ್ಯಾಶ್' ಟಿಕ್ ಆಗಿತ್ತು. ಅದು ತೆರೆದಿರುವಷ್ಟು ಹೊತ್ತು ಕ್ಯಾಶ್ ಇಲ್ಲವೇ ಇಲ್ಲ. ನಾನು ನೋಡುತ್ತಿದ್ದ ಸೈಟನ್ನು ಪ್ರಪಂಚದಲ್ಲಿ ಬೇರೆ ಯಾರೂ ನೋಡುತ್ತಿರಲಿಲ್ಲ.

ಈಗ ಆ ತಪ್ಪು. ಎಂಜಿನ್‌ಎಕ್ಸ್ ಫೈಲಿನಲ್ಲಿ ಒಂದೇ ಸಾಲು. ಸೈಟಿನ ವೇಗ ಅಳೆಯುವ ಲೈಟ್‌ಹೌಸ್ ಪರೀಕ್ಷೆಯಲ್ಲಿ ಕ್ಯಾಶ್ ಅವಧಿ ಕಡಿಮೆ ಇದೆ ಅಂತ ಬಂದಿತ್ತು. ಹುಡುಕಿ ನೋಡಿದರೆ ಒಂದು ವರ್ಷ ಇಡಿ ಅಂತ ಸಲಹೆ ಸಿಕ್ಕಿತು. ಸಲಹೆ ತಪ್ಪಲ್ಲ. ನಾನು ಅದನ್ನು ಹಾಕಿದ ಜಾಗ ತಪ್ಪು. ಸೈಟಿನ ಬೇರಿಗೇ ಹಾಕಿದೆ, ಅಂದರೆ ಎಲ್ಲಾ ಫೈಲಿಗೂ. ಮ್ಯಾಕ್ಸ್-ಏಜ್ 31536000. ಸೆಕೆಂಡಿನಲ್ಲಿ 365 ದಿನ. ಪರೀಕ್ಷೆಯಲ್ಲಿ ಹಸಿರು ಬಂತು, ಖುಷಿಪಟ್ಟೆ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾಗಬೇಡಿ. ಬಿಲ್ಡ್ ಮಾಡಿದಾಗ ಜಾವಾಸ್ಕ್ರಿಪ್ಟ್ ಫೈಲಿನ ಹೆಸರಲ್ಲಿ ಎಂಟು ಅಕ್ಷರದ ಒಂದು ಹ್ಯಾಶ್ ಸೇರುತ್ತದೆ. ಒಳಗಿನ ಕೋಡ್ ಬದಲಾದರೆ ಹೆಸರೂ ಬದಲಾಗುತ್ತದೆ. ಅಂಥ ಫೈಲನ್ನು ಒಂದು ವರ್ಷ ಅಲ್ಲ, ಹತ್ತು ವರ್ಷ ಇಟ್ಟರೂ ತೊಂದರೆ ಇಲ್ಲ, ಯಾಕಂದರೆ ಆ ಹೆಸರಿನಲ್ಲಿ ಬೇರೆ ಏನೂ ಬರುವುದಿಲ್ಲ. ಆದರೆ ಯಾವ ಹೆಸರಿನ ಫೈಲ್ ತರಬೇಕು ಅಂತ ಹೇಳುವ ಚೀಟಿ ಇಂಡೆಕ್ಸ್ ಪೇಜ್. ಅದರ ವಿಳಾಸ ಎಂದೂ ಬದಲಾಗುವುದಿಲ್ಲ. ಆ ಚೀಟಿಗೇ ಒಂದು ವರ್ಷದ ಅವಧಿ ಬರೆದುಕೊಟ್ಟರೆ ಬ್ರೌಸರ್ ವರ್ಷವಿಡೀ ಹಳೆ ಚೀಟಿ ಹಿಡಿದುಕೊಂಡು ಹಳೆ ಫೈಲನ್ನೇ ಹುಡುಕುತ್ತದೆ. ಆ ಫೈಲೂ ಕ್ಯಾಶಿನಲ್ಲಿದ್ದರೆ ಹಳೆ ಸೈಟ್. ಇಲ್ಲದಿದ್ದರೆ ಬಿಳಿ ಪೇಜ್.

ಬಿಳಿ ಪೇಜಿನ ಹಿಂದೆ ಇನ್ನೊಂದು ಕಿತಾಪತಿ ಇತ್ತು. 'ಹಿಂದಿನ ಧಾರಣೆ' ಪೇಜಿನ ಕೋಡನ್ನು ಬೇಕಾದಾಗ ಮಾತ್ರ ತರುವಂತೆ ಬೇರೆ ತುಂಡು ಮಾಡಿದ್ದೆ. ಮುಂಚೆ ಅದನ್ನು ಒತ್ತಿರದವರ ಹತ್ತಿರ ಆ ತುಂಡು ಇಲ್ಲ. ಬ್ರೌಸರ್ ಸರ್ವರಿಗೆ ಬಂತು. ಸರ್ವರಿನಲ್ಲಿ ನಾನು ಅಳಿಸಿದ್ದೇನೆ. 'ಸಿಗಲಿಲ್ಲ' ಅನ್ನುವ 404 ಬರಬೇಕಿತ್ತು, ಅಲ್ವಾ? ಬರಲಿಲ್ಲ. ಸಿಗದ ವಿಳಾಸಕ್ಕೆಲ್ಲ ಇಂಡೆಕ್ಸ್ ಪೇಜ್ ಕೊಡು ಅಂತ ಎಂಜಿನ್‌ಎಕ್ಸ್‌ಗೆ ಹೇಳಿಟ್ಟಿದ್ದೆ. ಅದು ವಿಧೇಯವಾಗಿ 200 ಹೇಳಿ ಎಚ್‌ಟಿಎಂಎಲ್ ಕೊಟ್ಟಿತು. ಬ್ರೌಸರ್ ಅದನ್ನು ಜಾವಾಸ್ಕ್ರಿಪ್ಟ್ ಅಂತ ಓದಹೋಗಿ ಮೊದಲ ಅಕ್ಷರಕ್ಕೇ ಎಡವಿತು: 'ಅನ್‌ಎಕ್ಸ್‌ಪೆಕ್ಟೆಡ್ ಟೋಕನ್', ಪಕ್ಕದಲ್ಲಿ ಎಚ್‌ಟಿಎಂಎಲ್ ಟ್ಯಾಗಿನ ಆ ಕೊಕ್ಕೆ. ರಿಯಾಕ್ಟ್ 16ರಿಂದ ಈಚೆಗೆ, ಯಾರೂ ಹಿಡಿಯದ ಎರರ್ ಬಂದರೆ ಪೂರ್ತಿ ಪೇಜನ್ನೇ ಕಿತ್ತುಹಾಕುತ್ತದೆ. ಅದೇ ಬಿಳಿ. ನಿಮ್ಮ ಕನ್ಸೋಲಿನಲ್ಲೂ ಇದೇ ಎರರ್ ಇದ್ದರೆ ಕೋಡಿನಲ್ಲಿ ಸಿಂಟ್ಯಾಕ್ಸ್ ಹುಡುಕುತ್ತಾ ಕೂರಬೇಡಿ. ನಾನು ಒಂದಿಡೀ ಶನಿವಾರ ಕೂತಿದ್ದೆ.

ಸರಿಪಡಿಸುವುದು ಸುಲಭ. ಇಂಡೆಕ್ಸ್ ಪೇಜಿಗೆ ಕ್ಯಾಶ್-ಕಂಟ್ರೋಲ್ ಹೆಡರಿನಲ್ಲಿ (ಫೈಲಿನ ಜೊತೆ ಸರ್ವರ್ ಬ್ರೌಸರಿಗೆ ಕಳಿಸುವ ಸೂಚನೆಯ ಸಾಲು) 'ನೋ-ಕ್ಯಾಶ್' ಹಾಕಿ. ಹೆಸರು ನೋಡಿ ಮೋಸಹೋಗಬೇಡಿ, ಇಟ್ಟುಕೊಳ್ಳಲೇಬೇಡ ಅಂತ ಅದರ ಅರ್ಥ ಅಲ್ಲ. ಇಟ್ಟುಕೋ, ಬಳಸುವ ಮುಂಚೆ ನನ್ನನ್ನು ಕೇಳು ಅಂತ. ಬದಲಾಗಿಲ್ಲದಿದ್ದರೆ ಸರ್ವರ್ 304, ಅಂದರೆ 'ಬದಲಾಗಿಲ್ಲ', ಅಂದು ಸುಮ್ಮನಾಗುತ್ತದೆ, ಡೇಟಾ ಖರ್ಚೂ ಹೆಚ್ಚಿಲ್ಲ. ಹ್ಯಾಶ್ ಇರುವ ಫೈಲಿಗೆ ಒಂದು ವರ್ಷ ಇರಲಿ. ಆ ಫೋಲ್ಡರಿನಲ್ಲಿ ಫೈಲ್ ಸಿಗದಿದ್ದರೆ 404 ಕೊಡಲಿ, ಇಂಡೆಕ್ಸ್ ಅಲ್ಲ. ಹಳೆ ಬಿಲ್ಡಿನ ತುಂಡುಗಳನ್ನು ಕೆಲವು ವಾರ ಸರ್ವರಿನಲ್ಲೇ ಬಿಡಿ, ಜಾಗ ಎಷ್ಟು ಮಹಾ ತಿನ್ನುತ್ತವೆ.

ಕಷ್ಟ ಇರುವುದು ಈಗಾಗಲೇ ಹಳೆ ಚೀಟಿ ಹಿಡಿದಿರುವವರದ್ದು. ಹೋಸ್ಟಿಂಗ್ ಬದಲಾಯಿಸಬೇಡಿ ಅಂದಿದ್ದು ಇದಕ್ಕೇ. ನೀವು ಕೇಳಿರುವ ನೆಟ್ಲಿಫೈ ಒಳ್ಳೆಯದೇ, ಅದು ತಾನಾಗಿಯೇ ಪ್ರತಿ ಸಲ ಕೇಳು ಅನ್ನುವ ಹೆಡರ್ ಕಳಿಸುತ್ತದೆ. ಆದರೆ ಆ ಬ್ರೌಸರುಗಳು ಯಾವ ಸರ್ವರನ್ನೂ ಕೇಳುತ್ತಲೇ ಇಲ್ಲವಲ್ಲ! ನೀವು ಸೈಟನ್ನು ಚಂದ್ರಲೋಕಕ್ಕೆ ಸಾಗಿಸಿದರೂ ಅವಕ್ಕೆ ಗೊತ್ತಾಗುವುದಿಲ್ಲ.

ನನ್ನನ್ನು ಉಳಿಸಿದ್ದು ಎಪಿಐ. ಇಂಡೆಕ್ಸ್ ಸರ್ವರಿಗೆ ಬರದಿದ್ದರೂ ದರ ಕೇಳಲು ಹಳೆ ಕೋಡು ದಿನಾ ಬರುತ್ತಿತ್ತು. ಮೊದಲು ಹೊಸ ದರಗಳ ಜೊತೆ ಹಳೆ ಹೆಸರಿನ ದರವನ್ನೂ ಕಳಿಸಿದೆ, ನ್ಯಾನ್ ನಿಂತಿತು. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ಆಮೇಲೆ ಅದೇ ಉತ್ತರದಲ್ಲಿ 'ಕ್ಲಿಯರ್-ಸೈಟ್-ಡೇಟಾ' ಅನ್ನುವ ಹೆಡರ್ ಸೇರಿಸಿದೆ, ಬೆಲೆ 'ಕ್ಯಾಶ್'. ಇದು ಬಂದರೆ ಆ ಸೈಟಿನ ಕ್ಯಾಶನ್ನು ಬ್ರೌಸರ್ ತಾನೇ ಖಾಲಿ ಮಾಡುತ್ತದೆ. ಎಚ್‌ಟಿಟಿಪಿಎಸ್ ಇರಬೇಕು. ಒಳಗಿನ ಪದ ಜೋಡಿ ಉದ್ಧರಣ ಚಿಹ್ನೆಯ ಒಳಗೇ ಇರಬೇಕು. ನಾನು ಅದಿಲ್ಲದೆ ಬರೆದು ಇನ್ನೊಂದು ದಿನ ಹಾಳು ಮಾಡಿಕೊಂಡೆ. ಎಲ್ಲರಿಗೂ ಕಳಿಸಬೇಡಿ, ಹೊಸ ಸೈಟಿನವರ ಕ್ಯಾಶೂ ಪ್ರತಿ ಸಲ ಖಾಲಿಯಾಗುತ್ತದೆ. ಹೊಸ ಕೋಡು ಎಪಿಐ ಕೇಳುವಾಗ ತನ್ನ ವರ್ಷನ್ ಸಂಖ್ಯೆ ಹೇಳುವಂತೆ ಮಾಡಿ, ಹೇಳದವರಿಗೆ ಮಾತ್ರ ಕಳಿಸಿದೆ. ದರ ನೋಡಲು ಒಂದು ಸಲ ಬಂದವರಿಗೆ ಮುಂದಿನ ಸಲ ಹೊಸ ಸೈಟ್. ಆಂಡ್ರಾಯ್ಡ್ ಕ್ರೋಮ್ ಇದ್ದವರೆಲ್ಲ ನಾಲ್ಕೈದು ದಿನದಲ್ಲಿ ಸರಿಹೋದರು. ಆಗ ಐಫೋನಿನ ಸಫಾರಿಗೆ ಈ ಹೆಡರ್ ಗೊತ್ತಿರಲಿಲ್ಲ. ಸಂಘದಲ್ಲಿ ಐಫೋನ್ ಇದ್ದವರು ಮೂವರು, ಮೂರೂ ಬೆಂಗಳೂರಿನ ಮಕ್ಕಳು ಕೊಡಿಸಿದ್ದು. ಅವರ ಮನೆಗೆ ನಾನೇ ಹೋಗಿ ರೀಲೋಡ್ ಒತ್ತಿ, ಕಾಫಿ ಕುಡಿದು ಬಂದೆ.

ನಿಮ್ಮ ಸೈಟಿಗೆ ಎಪಿಐ ಬೇರೆ ಡೊಮೇನಿನಲ್ಲಿದ್ದರೆ ಈ ಉಪಾಯ ನಡೆಯುವುದಿಲ್ಲ. ಸರ್ವಿಸ್ ವರ್ಕರ್ (ಬ್ರೌಸರಿನಲ್ಲೇ ಕೂತು ಫೈಲ್ ಇಟ್ಟುಕೊಂಡು ಕೊಡುವ ಸ್ಕ್ರಿಪ್ಟ್) ಹಾಕಿದ್ದರೆ ಅದು ಬೇರೆಯದೇ ಕಥೆ, ಡೆವ್‌ಟೂಲ್ಸಿನ ಅಪ್ಲಿಕೇಶನ್ ಟ್ಯಾಬಿನಲ್ಲಿ ಇದೆಯಾ ನೋಡಿ. ಎಲ್ಲರಿಗೂ, ಎಲ್ಲಾ ಮೊಬೈಲಲ್ಲೂ ಒಂದೇ ಥರ ಕೆಟ್ಟಿದ್ದರೆ ಮಾತ್ರ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ನೋಡಿ. ವಿಂಡೋಸ್ ಅದನ್ನು ಲೆಕ್ಕಿಸುವುದಿಲ್ಲ, ಲಿನಕ್ಸ್ ಸರ್ವರ್ ಬಿಡುವುದಿಲ್ಲ. ನೀವು ಬರೆದದ್ದು ನೋಡಿದರೆ ಅದಲ್ಲ ಅನ್ನಿಸುತ್ತದೆ.

ಟರ್ಮಿನಲ್ಲಿನಲ್ಲಿ ಕರ್ಲ್ ಅನ್ನುವ ಕಮಾಂಡಿಗೆ ದೊಡ್ಡ ಐ (-I) ಆಯ್ಕೆ ಕೊಟ್ಟು ನಿಮ್ಮ ಸೈಟಿನ ಹೆಡರ್ ತೆಗೆದು ಪ್ರಶ್ನೆಗೆ ಸೇರಿಸಿ. ಬರೀ ಡೊಮೇನ್ ಕೊಟ್ಟು ತೆಗೆಯಿರಿ, ಹ್ಯಾಶ್ ಇರುವ ಜಾವಾಸ್ಕ್ರಿಪ್ಟ್ ಫೈಲಿನದ್ದು ಬೇಡ. ನಾನು ಮೊದಲ ಸಲ ಆ ಫೈಲಿನದ್ದನ್ನು ತೆಗೆದು, ಒಂದು ವರ್ಷ ಅಂತ ಇದೆ, ಸರಿಯಾಗಿಯೇ ಇದೆ ಅಂದುಕೊಂಡು ಕಿಟಕಿ ಮುಚ್ಚಿದ್ದೆ.