ಗೆದ್ದ ಬ್ರಿಟನ್ ಸಾಲಗಾರನಾದ ಬಗೆ

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ಬ್ರಿಟನ್ ಎರಡೂ ಮಹಾಯುದ್ಧ ಗೆದ್ದಿತು. ಆದರೂ ಎರಡೇ ವರ್ಷದಲ್ಲಿ ಭಾರತ ಬಿಟ್ಟು ಹೋಯಿತು. ನಮ್ಮ ಹೋರಾಟದ ಜೊತೆಗೆ ಯುದ್ಧದ ಖರ್ಚೂ ಅದಕ್ಕೆ ಕಾರಣವೇ? ಅವರು ನಮಗೆ ಸಾಲ ಉಳಿಸಿಕೊಂಡಿದ್ದರಂತೆ, ಅದು ಏನಾಯಿತು?"

ಹೌದು, ಖರ್ಚೂ ಕಾರಣ. ಹೋರಾಟ ಇಲ್ಲದಿದ್ದರೆ ಅವರು ಸಾಲ ಮಾಡಿಕೊಂಡಾದರೂ ಇಲ್ಲೇ ಕೂರುತ್ತಿದ್ದರೇನೋ. ಆದರೆ ಹೋರಾಟವನ್ನು ಹತ್ತಿಕ್ಕಲೂ ದುಡ್ಡು ಬೇಕು, ಅಲ್ವಾ?

ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಲಂಡನ್ ಜಗತ್ತಿಗೇ ಸಾಲ ಕೊಡುತ್ತಿತ್ತು. ಮರುವರ್ಷವೇ ಫ್ರಾನ್ಸಿನ ರಣರಂಗದಲ್ಲಿ ಬ್ರಿಟನ್ನಿನ ಫಿರಂಗಿಗಳಿಗೆ ಗುಂಡು ಸಾಲಲಿಲ್ಲ. ಸಚಿವ ಲಾಯ್ಡ್ ಜಾರ್ಜ್ ಕೈಗೆ ಮದ್ದುಗುಂಡಿನ ಹೊಸ ಖಾತೆ ಬಂತು. ಸ್ವಂತ ಕಾರ್ಖಾನೆಗಳು ಸಾಲದ್ದಕ್ಕೆ ಅಮೆರಿಕದಲ್ಲಿ ಖರೀದಿ ನಡೆಯಿತು, ಅದನ್ನು ನೋಡಿಕೊಂಡದ್ದು ಜೆ. ಪಿ. ಮಾರ್ಗನ್ ಬ್ಯಾಂಕು. ಯುದ್ಧ ಮುಗಿಯುವಾಗ ಸಾಲ ಕೊಡುವ ಗದ್ದುಗೆ ನ್ಯೂಯಾರ್ಕಿನತ್ತ ಸರಿದಿತ್ತು.

ಎರಡನೇ ಸಲ ಇನ್ನೂ ಕಷ್ಟ. 1940ರಲ್ಲಿ ಅಮೆರಿಕದ 50 ಹಳೇ ಯುದ್ಧನೌಕೆಗಳಿಗಾಗಿ ಬ್ರಿಟನ್ ತನ್ನ ವಸಾಹತುಗಳಲ್ಲಿ ನೆಲೆಗಳನ್ನು 99 ವರ್ಷ ಅಮೆರಿಕಕ್ಕೆ ಬಿಟ್ಟುಕೊಟ್ಟಿತು.

ನಮ್ಮ ಕಡೆಯ ಲೆಕ್ಕ ಬೇರೆ. ಬ್ರಿಟನ್ ತನ್ನ ಯುದ್ಧಕ್ಕೆ ಇಲ್ಲಿಂದ ಬಟ್ಟೆ, ಗೋಣಿಚೀಲ, ಬೂಟು, ಆಹಾರ ಎಲ್ಲ ಒಯ್ದಿತು. ಅದರ ಬೆಲೆಯನ್ನು ಲಂಡನ್ನಿನಲ್ಲಿ ಪೌಂಡ್ ಲೆಕ್ಕದಲ್ಲಿ ಬರೆದಿಟ್ಟರು. ಅದನ್ನೇ ಆಧಾರ ಮಾಡಿಕೊಂಡು ನಮ್ಮ ರಿಸರ್ವ್ ಬ್ಯಾಂಕು ಇಲ್ಲಿ ನೋಟು ಅಚ್ಚು ಹಾಕಿತು. ಸಾಮಾನು ಹಡಗು ಹತ್ತಿ ಹೋಯಿತು, ನೋಟು ಇಲ್ಲೇ ಉಳಿಯಿತು. ಬೆಲೆ ಏರದೆ ಇನ್ನೇನಾದೀತು? 1943ರ ಬಂಗಾಳದ ಬರಗಾಲಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಕೂಲಿಯವನ ಕೈಗೆ ಅಕ್ಕಿ ಎಟುಕದಂತೆ ಮಾಡಿದ್ದರಲ್ಲಿ ಈ ಬೆಲೆಯೇರಿಕೆಯ ಪಾಲು ದೊಡ್ಡದು. ಸುಮಾರು 30 ಲಕ್ಷ ಜನ ಸತ್ತರು. ಯುದ್ಧ ಮುಗಿದಾಗ ಬ್ರಿಟನ್ ನಮಗೆ ಕೊಡಬೇಕಾದದ್ದು ಸುಮಾರು 130 ಕೋಟಿ ಪೌಂಡ್. ಆಳುವವರೇ ಸಾಲಗಾರರು! ಆದರೆ ಆ ಸಾಲವನ್ನು ಕೊಟ್ಟದ್ದು ಹಸಿದ ಹೊಟ್ಟೆಗಳು ಎಂದೇ ನಾನು ಹೇಳುವುದು.

ಬಲ ಬ್ರಿಟನ್ನಿನಿಂದ ಅಮೆರಿಕದತ್ತ ಸರಿಯುತ್ತಿದ್ದದ್ದು ಬೆಂಗಳೂರಿನಲ್ಲೂ ಕಾಣುತ್ತಿತ್ತು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ವಿಮಾನ ಕಾರ್ಖಾನೆ ಶುರು ಮಾಡಿದರು. 1943ರ ಹೊತ್ತಿಗೆ ಅಲ್ಲಿ ವಿಮಾನ ರಿಪೇರಿಯ ಉಸ್ತುವಾರಿ ಅಮೆರಿಕದ ಸೇನೆಯದು.

1945ರಲ್ಲಿ ಜಪಾನ್ ಶರಣಾದ ಕೆಲವೇ ದಿನಗಳಲ್ಲಿ ಅಮೆರಿಕ ಬ್ರಿಟನ್ನಿಗೆ ಕೊಡುತ್ತಿದ್ದ ಯುದ್ಧಕಾಲದ ನೆರವು ನಿಲ್ಲಿಸಿತು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ವಾಷಿಂಗ್ಟನ್ನಿಗೆ ಹೋಗಿ 375 ಕೋಟಿ ಡಾಲರ್ ಸಾಲ ತಂದರು. ಅದರ ಕೊನೇ ಕಂತು ತೀರಿದ್ದು 2006ರಲ್ಲಿ! ಯುದ್ಧದುದ್ದಕ್ಕೂ ರೇಷನ್ ಇಲ್ಲದ ಬ್ರೆಡ್ಡಿಗೆ 1946ರಲ್ಲಿ ರೇಷನ್ ಬಂತು. 1947ರ ಫೆಬ್ರವರಿ 20ಕ್ಕೆ, 1948ರ ಜೂನ್ ಒಳಗೆ ಭಾರತ ಬಿಡುತ್ತೇವೆ ಎಂದು ಬ್ರಿಟನ್ ಪ್ರಧಾನಿ ಆಟ್ಲಿ ಸಾರಿದರು. ಮರುದಿನವೇ ಬ್ರಿಟನ್, ಗ್ರೀಸ್ ಮತ್ತು ಟರ್ಕಿಗೆ ಕೊಡುತ್ತಿದ್ದ ನೆರವಿನ ಖರ್ಚು ಇನ್ನು ನಮ್ಮಿಂದಾಗದು ಎಂದು ಅಮೆರಿಕಕ್ಕೆ ತಿಳಿಸಿತು. ಈ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ಓದಿ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಬ್ರಿಟನ್ ನಮಗೆ ಕೊಡಬೇಕಿದ್ದ ಆ ಹಣ ಒಂದೇ ಗಂಟಾಗಿ ಬರಲಿಲ್ಲ. ಸ್ವಲ್ಪ ಪಾಕಿಸ್ತಾನದ ಪಾಲಿಗೆ ಹೋಯಿತು. ಬ್ರಿಟಿಷರು ಇಲ್ಲಿ ಬಿಟ್ಟುಹೋದ ಸೇನಾ ಸಾಮಗ್ರಿಯ ಬೆಲೆಯೆಂದೂ, ಅವರ ಅಧಿಕಾರಿಗಳ ಪಿಂಚಣಿಯೆಂದೂ ಒಂದಷ್ಟು ಮುರಿದುಕೊಂಡರು. ಇದು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಉಳಿದದ್ದನ್ನು ಕಂತುಕಂತಾಗಿ ಬಿಡಿಸಿಕೊಂಡು ಆಹಾರ, ಯಂತ್ರ ತರಿಸಿದೆವು. ಎರಡನೇ ಪಂಚವಾರ್ಷಿಕ ಯೋಜನೆ ನಡೆಯುತ್ತಿರುವಾಗಲೇ ಬಹುಪಾಲು ಖಾಲಿಯಾಗಿತ್ತು.