ಏಳು ಕೆರೆ ನೀರು ಕುಡಿದವನು

ಮೇಷ್ಟ್ರ ಸೀಟಿ: ಓದುಗರ ಪ್ರಶ್ನೆ, ಪಿ.ಟಿ. ಮೇಷ್ಟ್ರ ಉತ್ತರ (2025ರ ಸೆಪ್ಟೆಂಬರ್)

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮ ಡಲ್ಲಾಸ್ ಕೌಬಾಯ್ಸ್ ತಂಡ ಮೈಕಾ ಪಾರ್ಸನ್ಸ್‌ನಂಥ ಹುಲಿಯನ್ನು ಬಿಟ್ಟುಕೊಟ್ಟಿತು. ಈಗ ಅದೇ ಜಾಗಕ್ಕೆ 32 ವರ್ಷದ ಜಡೇವಿಯನ್ ಕ್ಲೌನಿಯನ್ನು ತಂದಿದೆ. ಇದು ಅವನ ಏಳನೇ ತಂಡವಂತೆ. ಆರು ಕಡೆ ನಿಲ್ಲದವನು ಇಲ್ಲಿ ನಿಂತಾನೇ? ನನ್ನ ಮಗ 'ಅಪ್ಪಾ, ಒಳ್ಳೇ ಡೀಲ್' ಅಂತಾನೆ. ನನಗಂತೂ ಸಂತೆಯ ಕೊನೆಯಲ್ಲಿ ಉಳಿದ ಬದನೆಕಾಯಿ ತಂದ ಹಾಗಿದೆ. ನೀವೇನಂತೀರಿ?
(ಒಬ್ಬ ಓದುಗ, ಪ್ಲೇನೋ, ಟೆಕ್ಸಸ್)

ಉತ್ತರ: ಬದನೆಕಾಯಿ ಮಾತು ಚೆನ್ನಾಗಿದೆ. ಆದರೆ ಸಂತೆ ಮುಗಿಯುವ ಹೊತ್ತಿಗೆ ಹೋದವನಿಗೆ ಅರ್ಧ ಬೆಲೆಗೆ ಒಳ್ಳೇ ಬದನೆಕಾಯಿ ಸಿಗುವುದೂ ಉಂಟು. ಹುಳುಕು ಎಲ್ಲಿದೆ ಅಂತ ತಿರುಗಿಸಿ ನೋಡಬೇಕು, ಅಷ್ಟೇ.

ಅಮೆರಿಕನ್ ಫುಟ್‌ಬಾಲ್ ಎಂಬ ಈ ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಆನೆಯಂಥ ಐದು ಜನ ಗೋಡೆ ಕಟ್ಟಿ ನಿಂತಿರುತ್ತಾರೆ. ಆ ಗೋಡೆಯನ್ನು ಬದಿಯಿಂದ ಸುತ್ತಿಯೋ ಒಡೆದೋ ಒಳಗೆ ನುಗ್ಗಿ, ಅವನು ಚೆಂಡು ಎಸೆಯುವ ಮೊದಲೇ ಕೆಡವುವುದು ಪಾರ್ಸನ್ಸ್, ಕ್ಲೌನಿಯಂಥ ಪಾಸ್ ರಶರ್‌ನ ಕೆಲಸ. ಕೆಡವಿದರೆ ಒಂದು ಸ್ಯಾಕ್. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಅದಕ್ಕೇ ಈ ಲೆಕ್ಕದಲ್ಲಿ ಒಂಬತ್ತೂವರೆ, ಐದೂವರೆ ಅಂತೆಲ್ಲ ಬರುತ್ತದೆ.

ಕ್ಲೌನಿಯನ್ನು ನಾನು ಮೊದಲು ನೋಡಿದ್ದು 2014ರ ಸೆಪ್ಟೆಂಬರ್ 7ರಂದು, ಹ್ಯೂಸ್ಟನ್‌ನಲ್ಲಿ. ಆಗ ಮಗಳ ಮನೆ ಅಲ್ಲೇ ಇತ್ತು. ಬಾಣಂತನಕ್ಕೆ ಅಂತ ಬಂದಿದ್ದೆವು. ನನ್ನ ಹೆಂಡತಿಗೆ ಕೈತುಂಬ ಕೆಲಸ, ನನಗೆ ಏನೂ ಇಲ್ಲ. ಅಳಿಯ 'ಬನ್ನಿ ಮಾವ' ಅಂತ ಸ್ಟೇಡಿಯಂಗೆ ಕರೆದುಕೊಂಡು ಹೋದ. ಹ್ಯೂಸ್ಟನ್‌ಗೂ ವಾಷಿಂಗ್ಟನ್‌ಗೂ ಪಂದ್ಯ. ಆ ವರ್ಷ ಇಡೀ ದೇಶದ ಕಾಲೇಜು ಹುಡುಗರಲ್ಲಿ ಮೊದಲನೆಯವನಾಗಿ ಆರಿಸಿದ್ದು ಇವನನ್ನೇ. ಅಳಿಯ ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದ. 2013ರ ಜನವರಿ 1, ಕಾಲೇಜು ಪಂದ್ಯ, ಎದುರಾಳಿ ಮಿಷಿಗನ್. ಚೆಂಡು ಓಟಗಾರನ ಕೈಗೆ ಬಿತ್ತು, ಅಷ್ಟರಲ್ಲಿ ಕ್ಲೌನಿ ಅಲ್ಲಿದ್ದ. ಓಟಗಾರನ ಹೆಲ್ಮೆಟ್ ಹಾರಿ ಹಿಂದೆ ಬಿತ್ತು, ಚೆಂಡು ನೆಲಕ್ಕೆ ಬಿತ್ತು, ಇವನು ಒಂದೇ ಕೈಯಲ್ಲಿ ಅದನ್ನು ಎತ್ತಿಕೊಂಡ. ಮೂವತ್ತು ವರ್ಷ ಮಕ್ಕಳಿಗೆ ಕಬಡ್ಡಿ ಆಡಿಸಿದ ಕಣ್ಣು ನನ್ನದು. ನಾನು ನೋಡಿದ್ದು ಆ ಗುದ್ದನ್ನಲ್ಲ, ಅದಕ್ಕೆ ಮುಂಚಿನ ಹೆಜ್ಜೆಯನ್ನು. ಬೇರೆಯವರೆಲ್ಲ ಇನ್ನೂ ಏಳುತ್ತಿದ್ದಾರೆ, ಇವನಾಗಲೇ ಎರಡನೇ ಹೆಜ್ಜೆಯಲ್ಲಿದ್ದಾನೆ.

ಆದರೆ ಆ ಭಾನುವಾರ ಹಾಫ್‌ಟೈಮ್‌ಗೆ ಮುಂಚೆಯೇ ಹುಡುಗ ಮೊಣಕಾಲು ನೋಯಿಸಿಕೊಂಡು ಹೊರಗೆ ನಡೆದ. ಆ ವರ್ಷ ಆಡಿದ್ದು ಬರೀ 4 ಪಂದ್ಯ. ಡಿಸೆಂಬರ್‌ನಲ್ಲಿ ಮೈಕ್ರೋಫ್ರಾಕ್ಚರ್ ಆಪರೇಷನ್ ಆಯಿತು. ಅಂದರೆ ಸವೆದ ಕಡೆ ಮೂಳೆಗೆ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಅಲ್ಲಿಂದ ರಕ್ತ ಒಸರಿ, ಹೆಪ್ಪುಗಟ್ಟಿ, ಹೊಸ ಮೆತ್ತೆ ಬೆಳೆಯಲಿ ಅಂತ. ಬೆಳೆಯುತ್ತದೆ, ಆದರೆ ದೇವರು ಕೊಟ್ಟಷ್ಟು ಗಟ್ಟಿಯಲ್ಲ. ಇಪ್ಪತ್ತೊಂದನೇ ವಯಸ್ಸಿಗೆ ಅಂಥ ಮಂಡಿ ಇಟ್ಟುಕೊಂಡು ಇವನು ಹನ್ನೊಂದು ಸೀಸನ್ ಎಳೆದಿದ್ದಾನೆ. ನಾನು ಮೊದಲು ಮೆಚ್ಚಿಕೊಳ್ಳುವುದು ಇದನ್ನೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹ್ಯೂಸ್ಟನ್, ಸಿಯಾಟಲ್, ಟೆನೆಸೀ, ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್, ಕ್ಯಾರೊಲೈನಾ, ಈಗ ಡಲ್ಲಾಸ್. ಏಳು ಕೆರೆ ನೀರು. ಊರೂರು ತಿರುಗುವವನೆಂದರೆ ನಮಗೆ ಅನುಮಾನ. ಮೇಷ್ಟ್ರಿಗೆ ಪದೇಪದೇ ಟ್ರಾನ್ಸ್‌ಫರ್ ಆದರೂ ಊರವರು ಹಾಗೇ ನೋಡುತ್ತಿದ್ದರು, 'ಏನೋ ಮಾಡಿಕೊಂಡಿರಬೇಕು' ಅಂತ. ನಾನೇ ಐದು ಊರು ತಿರುಗಿದ್ದೇನೆ, ಏನೂ ಮಾಡಿಕೊಂಡಿರಲಿಲ್ಲ.

ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ? ಹಾಜರಿ ಪುಸ್ತಕಕ್ಕೆ. ಮೊಮ್ಮಗಳ ಹಳೇ ನೋಟ್‌ಬುಕ್‌ನಲ್ಲಿ ಗೆರೆ ಎಳೆದು, ಯಾವ ವರ್ಷ ಎಷ್ಟು ಪಂದ್ಯ ಆಡಿದ, ಎಷ್ಟು ಸ್ಯಾಕ್ ಮಾಡಿದ ಅಂತ ಪಕ್ಕಪಕ್ಕ ಬರೆದೆ. 2017ರಲ್ಲಿ 16 ಪಂದ್ಯ, ಒಂಬತ್ತೂವರೆ. 2018ರಲ್ಲಿ 15, ಒಂಬತ್ತು. 2021ರಲ್ಲಿ ಕ್ಲೀವ್‌ಲ್ಯಾಂಡ್‌ಗೆ 14, ಮತ್ತೆ ಒಂಬತ್ತು. 2023ರಲ್ಲಿ ಬಾಲ್ಟಿಮೋರ್‌ಗೆ ಹದಿನೇಳಕ್ಕೆ ಹದಿನೇಳೂ ಆಡಿದ, ಮತ್ತೆ ಒಂಬತ್ತೂವರೆ. ಇನ್ನೊಂದು ಕಡೆ ನೋಡಿ. 2019ರಲ್ಲಿ 13 ಪಂದ್ಯ, ಮೂರು. 2020ರಲ್ಲಿ 8 ಪಂದ್ಯ, ಸೊನ್ನೆ. 2022ರಲ್ಲಿ 12 ಪಂದ್ಯ, ಎರಡು.

ನಡುವೆ 2015, 2016, 2024 ಈ ಮೂರು ವರ್ಷ ನಾಲ್ಕೂವರೆಯಿಂದ ಆರರವರೆಗೆ. ಉಳಿದಂತೆ ನೋಡಿದಿರಾ? ಮೈ ನೆಟ್ಟಗಿದ್ದ ವರ್ಷ ಒಂಬತ್ತರ ಆಸುಪಾಸು, ಮೈ ಕೈಕೊಟ್ಟ ವರ್ಷ ಮೂರರ ಒಳಗೆ. ಹತ್ತು ಮಾತ್ರ ಒಂದು ಸಲವೂ ಮುಟ್ಟಿಲ್ಲ. ಮೊದಲನೇ ನಂಬರಿನ ಆಯ್ಕೆಗೆ ಇದು ಕೊರತೆಯೇ, ಮುಚ್ಚಿಡುವುದಿಲ್ಲ.

'ಪಕ್ಕದಲ್ಲಿ ದೊಡ್ಡ ಆಟಗಾರ ಇದ್ದರೆ ಮಾತ್ರ ಕ್ಲೌನಿ ಮಿಂಚುತ್ತಾನೆ' ಅಂತ ಟಿವಿಯಲ್ಲಿ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನೋಟ್‌ಬುಕ್ ಒಪ್ಪಲಿಲ್ಲ. ಹ್ಯೂಸ್ಟನ್‌ನ ದೊಡ್ಡಣ್ಣ ಜೆ.ಜೆ. ವಾಟ್ 2017ರಲ್ಲಿ ಗಾಯಗೊಂಡು ಆಡಿದ್ದು ಐದೇ ಪಂದ್ಯ. ಕ್ಲೌನಿ ಒಂಬತ್ತೂವರೆ ಮಾಡಿದ್ದು ಅದೇ ವರ್ಷ. ಕ್ಲೀವ್‌ಲ್ಯಾಂಡ್‌ನಲ್ಲಿ ಮೈಲ್ಸ್ ಗ್ಯಾರೆಟ್ 2021ರಲ್ಲೂ 16 ಸ್ಯಾಕ್ ಮಾಡಿದ, 2022ರಲ್ಲೂ 16 ಮಾಡಿದ. ಪಕ್ಕದಲ್ಲಿದ್ದ ಇವನು ಮೊದಲ ವರ್ಷ ಒಂಬತ್ತು, ಮರುವರ್ಷ ಎರಡು. ಊರು ಅದೇ, ಜೊತೆಗಾರ ಅವನೇ. ಬದಲಾಗಿದ್ದು ಇವನ ಮೈ. ಮನಸ್ಸೂ ಸ್ವಲ್ಪ ಕೆಟ್ಟಿತ್ತು ಅನ್ನಿ. ಆ ಸೀಸನ್ನಿನ ಕೊನೇ ವಾರ ತಂಡದ ಬಗ್ಗೆ ಪತ್ರಕರ್ತರ ಮುಂದೆ ಬಾಯಿಬಿಟ್ಟು, ಕೊನೇ ಪಂದ್ಯಕ್ಕೆ ಮುಂಚೆ ಮನೆಗೆ ಕಳಿಸಿಕೊಂಡ. ಹುಳುಕು ಅಂದೆನಲ್ಲ, ಅದರಲ್ಲಿ ಇದೂ ಒಂದು.

ಬರೀ ಸ್ಯಾಕ್ ನೋಡಿದರೂ ಮೋಸ ಹೋಗುತ್ತೀರಿ. 2019ರಲ್ಲಿ ಮೂರೇ ಸ್ಯಾಕ್ ಅಂದೆನಲ್ಲ. ಆ ವರ್ಷ ನವೆಂಬರ್ 11ರ ರಾತ್ರಿ ಸಿಯಾಟಲ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಅಂಗಳಕ್ಕೆ ಹೋಗಿತ್ತು. ಎದುರಾಳಿ ಅಲ್ಲಿಯವರೆಗೆ ಎಂಟಕ್ಕೆ ಎಂಟೂ ಗೆದ್ದಿದ್ದರು. ಕ್ಲೌನಿ ಅವರ ಗೋಡೆಯನ್ನು ರಾತ್ರಿಯಿಡೀ ಅಲ್ಲಾಡಿಸಿದ. ನೆಲಕ್ಕೆ ಬಿದ್ದ ಚೆಂಡನ್ನು ಬಾಚಿಕೊಂಡು, ಕೊನೇ ಗೆರೆ ದಾಟಿ ಓಡಿ ಟಚ್‌ಡೌನ್ ಕೂಡ ಮಾಡಿದ. ಸಿಯಾಟಲ್ 27-24ಕ್ಕೆ ಗೆದ್ದಿತು. ಸ್ಯಾಕ್ ಪಟ್ಟಿ ಮಾತ್ರ ನೋಡುವವನಿಗೆ ಆ ರಾತ್ರಿಯ ಪೂರ್ತಿ ಕಥೆ ಕಾಣುವುದಿಲ್ಲ.

ನಮ್ಮೂರ ಕಬಡ್ಡಿಯಲ್ಲಿ ಇದಕ್ಕೆ ಲೆಕ್ಕವೇ ಬೇರೆ ಇತ್ತು. ಕಾರ್ನರ್‌ನಲ್ಲಿ ನಿಂತವನು ರೈಡರ್‌ಗೆ ಆ ಬದಿ ಮುಚ್ಚುತ್ತಾನೆ. ರೈಡರ್ ಒಳಗೆ ತಿರುಗುತ್ತಾನೆ, ನಡುವೆ ನಿಂತವನು ತಬ್ಬಿ ಹಿಡಿಯುತ್ತಾನೆ. ಹಿಡಿದದ್ದು ಯಾರು ಅಂತ ನಾವು ಬರೆಯುತ್ತಿರಲಿಲ್ಲ, ಪಾಯಿಂಟ್ ತಂಡಕ್ಕೆ. ಕ್ಲೌನಿ ಅಂಥ ಕಾರ್ನರ್. ಅವನು ಬದಿ ಬಿಟ್ಟುಕೊಡುವುದಿಲ್ಲ. ಚೆಂಡು ಹಿಡಿದು ಓಡುವವರು ಅವನ ಕಡೆಯಿಂದ ಸುತ್ತಿ ಹೋಗುವುದು ಕಷ್ಟ. ಬರೀ ಸ್ಯಾಕ್ ಬೇಟೆಗಾರರು ಎಷ್ಟೋ ಜನ ಈ ಕೂಲಿ ಕೆಲಸಕ್ಕೆ ಕೈಹಾಕುವುದಿಲ್ಲ.

ಇನ್ನು ಡಲ್ಲಾಸ್‌ಗೆ ಇವನು ಯಾಕೆ ಬೇಕಾಯಿತು? ಸೆಪ್ಟೆಂಬರ್ 14ರ ನ್ಯೂಯಾರ್ಕ್ ಜೈಂಟ್ಸ್ ಪಂದ್ಯ ನೋಡಿದಿರಲ್ಲ. ನಾವು 40-37ಕ್ಕೆ ಗೆದ್ದೆವು, ಸರಿ. ನಮ್ಮ ಕಿಕ್ಕರ್ ಆಬ್ರೀ 64 ಗಜದಿಂದ ಒದ್ದು ಸೋಲು ತಪ್ಪಿಸಿದ, ಅದೂ ಸರಿ. ಆದರೆ ಅವರ ಕ್ವಾರ್ಟರ್‌ಬ್ಯಾಕ್, 36 ವರ್ಷದ ರಸೆಲ್ ವಿಲ್ಸನ್ ನಮ್ಮ ಮೇಲೆ ಒಟ್ಟು 450 ಗಜ ಎಸೆದ! ಅವನು ಹಿಂದೆ ಸರಿದು, ನಿಂತು, ಆ ಕಡೆ ಈ ಕಡೆ ನೋಡಿ, ಆರಾಮಾಗಿ ಎಸೆಯುತ್ತಿದ್ದ. ನನ್ನ ಹೆಂಡತಿಗೆ ಈ ಆಟದ ತಲೆಬುಡ ಗೊತ್ತಿಲ್ಲ. ಅವಳೂ ಸೊಪ್ಪು ಸೋಸುತ್ತಾ 'ಅವನನ್ನ ಯಾರೂ ಹಿಡಿಯೋದೇ ಇಲ್ವಾ?' ಅಂದಳು. ಡಲ್ಲಾಸ್ ಆಫೀಸಿನಲ್ಲೂ ಅದನ್ನೇ ಯಾರೋ ಕೇಳಿರಬೇಕು. ಅದರ ಬೆನ್ನಿಗೇ ಕ್ಲೌನಿ ಸಹಿ ಹಾಕಿದ.

ಡಿಫೆನ್ಸ್ ಕೋಚ್ ಮ್ಯಾಟ್ ಎಬರ್‌ಫ್ಲೂಸ್‌ಗೆ ಹಿಂದಿನಿಂದ ಜಾಸ್ತಿ ಜನರನ್ನು ನುಗ್ಗಿಸುವುದು ಇಷ್ಟವಿಲ್ಲ. ಮುಂದಿನ ನಾಲ್ವರೇ ಕೆಲಸ ಮುಗಿಸಬೇಕು. ನಡುವೆ ಕೆನ್ನಿ ಕ್ಲಾರ್ಕ್, ಒಸಾ ಒಡಿಗಿಜುವಾ ಇದ್ದಾರೆ, ಚಿಂತೆಯಿಲ್ಲ. ಬದಿಯಲ್ಲಿ ಮಾತ್ರ ಅನುಭವ ಕಮ್ಮಿ. ಡೊನೊವನ್ ಎಜಿರುವಾಕು ಇನ್ನೂ ಮೊದಲ ವರ್ಷದ ಹುಡುಗ. ಅವನ ಮೇಲೆ ಇಡೀ ಬದಿಯ ಭಾರ ಹೊರಿಸುವುದು ತಪ್ಪು. ಕ್ಲೌನಿಯನ್ನು ಪ್ರತಿ ಆಟಕ್ಕೂ ನಿಲ್ಲಿಸದೆ, ಎದುರಾಳಿ ಎಸೆಯಲೇಬೇಕಾದ ಹೊತ್ತಿಗೆ ಇಳಿಸಿದರೆ ಆ ಮಂಡಿ ಡಿಸೆಂಬರ್‌ವರೆಗೆ ಬಂದೀತು. ಎಲ್ಲ ಆಟಕ್ಕೂ ನಿಲ್ಲಿಸಿದರೆ ನವೆಂಬರ್‌ಗೇ ಬೆಂಚು.

ಇವನಿಗೆ ಇನ್ನೊಂದು ಅಭ್ಯಾಸ ಇದೆ. ಬೇಸಿಗೆಯ ಕ್ಯಾಂಪು, ಬಿಸಿಲು, ಓಟ ಎಲ್ಲ ಮುಗಿಯುತ್ತ ಬಂದ ಮೇಲೆ ಒಮ್ಮೊಮ್ಮೆ ಸಹಿ ಹಾಕುತ್ತಾನೆ. 2020ರಲ್ಲಿ ಟೆನೆಸೀಗೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ, ಬಾಲ್ಟಿಮೋರ್‌ಗೆ ಆಗಸ್ಟ್‌ನಲ್ಲಿ, ಈಗ ನಮಗೆ ಮತ್ತೆ ಸೆಪ್ಟೆಂಬರ್‌ನಲ್ಲಿ. ಧಾರೆಗೆ ಬರದೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬರುವ ನೆಂಟನ ಹಾಗೆ. ಶಾಲೆಯಲ್ಲಿ ನಾನು ಅಂಥವರನ್ನು ಗ್ರೌಂಡಿನ ಸುತ್ತ ಹತ್ತು ರೌಂಡು ಓಡಿಸುತ್ತಿದ್ದೆ. ಆದರೆ 32ರ ಮಂಡಿಗೆ ಆ ರೌಂಡು ತಪ್ಪಿದ್ದೇ ಲಾಭವೇನೋ.

ದುಡ್ಡಿನ ಮಾತೂ ಆಗಿಬಿಡಲಿ. ಪಾರ್ಸನ್ಸ್‌ಗೆ ಗ್ರೀನ್ ಬೇ ತಂಡ ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಕೊಟ್ಟಿದೆ. ಕ್ಲೌನಿಗೆ ಒಂದು ವರ್ಷಕ್ಕೆ, ಎಲ್ಲ ಬೋನಸ್ ಸೇರಿದರೂ 60 ಲಕ್ಷ ಡಾಲರ್. ಪಾರ್ಸನ್ಸ್ ನಾಲ್ಕೇ ವರ್ಷದಲ್ಲಿ ಮಾಡಿದ್ದು ಐವತ್ತೆರಡೂವರೆ ಸ್ಯಾಕ್. ಕ್ಲೌನಿ ಹನ್ನೊಂದು ವರ್ಷದಲ್ಲಿ 58. ಪಾರ್ಸನ್ಸ್ ಜಾಗ ಕ್ಲೌನಿ ತುಂಬುತ್ತಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಬೆಲೆಗೆ ಈ ಮಾಲು ಸರಿಯೇ ಅಂತ ಕೇಳಿದರೆ, ಸರಿ. ನಿಮ್ಮ ಮಗ ಗೆದ್ದ.

ಪ್ರಶ್ನೆ: ಮೇಷ್ಟ್ರೇ, ನಾನು ಬೆಂಗಳೂರಿನಲ್ಲಿ ಭಾನುವಾರ ರಾತ್ರಿ ಹತ್ತೂವರೆಗೆ ಎದ್ದು ಕೂತು ಈ ಆಟ ನೋಡುವವನು. ನಮ್ಮ ಐಪಿಎಲ್‌ನಲ್ಲಿ ಕ್ಲೌನಿ ಥರ ಯಾರಿದ್ದಾರೆ?
(ಒಬ್ಬ ಓದುಗ, ಬಸವನಗುಡಿ)

ಉತ್ತರ: ನಮ್ಮ ರಾಬಿನ್ ಉತ್ತಪ್ಪನೇ. ಮುಂಬೈ, ಬೆಂಗಳೂರು, ಪುಣೆ, ಕೋಲ್ಕತಾ, ರಾಜಸ್ಥಾನ, ಚೆನ್ನೈ. ಆರು ತಂಡ. 2014ರಲ್ಲಿ ಕ್ಲೌನಿ ಮಂಡಿ ನೋಯಿಸಿಕೊಳ್ಳುವ ಮುಂಚೆ, ಅದೇ ವರ್ಷ ಉತ್ತಪ್ಪ ಕೋಲ್ಕತಾಗೆ 660 ರನ್ ಹೊಡೆದು ಆರೆಂಜ್ ಕ್ಯಾಪ್ ಹಾಕಿಕೊಂಡಿದ್ದ. ಆಮೇಲೆ ಎಲ್ಲರೂ ಮರೆತರು. 2021ರಲ್ಲಿ ಚೆನ್ನೈ ಅವನನ್ನು ಹೆಚ್ಚೂಕಡಿಮೆ ಇಡೀ ಸೀಸನ್ ಕೂರಿಸಿ, ಕೊನೇ ಹೊತ್ತಿಗೆ ಇಳಿಸಿತು. ಕ್ವಾಲಿಫೈಯರ್‌ನಲ್ಲಿ ಡೆಲ್ಲಿ ಎದುರು 63 ಹೊಡೆದ. ಸುಮ್ನೆ ಮನೆಯಲ್ಲಿ ಕೂತು ನಾನು ಒಬ್ಬನೇ ಸೀಟಿ ಊದಿದ್ದೆ.

ಪ್ರಶ್ನೆ: ಗಂಡ, ಮಗ ಇಬ್ಬರೂ ಟಿವಿ ಮುಂದೆ ಕೂಗಾಡುತ್ತಾರೆ. ನನಗೆ ಚೆಂಡು ಎಲ್ಲಿದೆ ಅಂತಲೇ ಕಾಣುವುದಿಲ್ಲ. ಈ ಕ್ಲೌನಿಯನ್ನಾದರೂ ಹೇಗೆ ನೋಡಲಿ?
(ಒಬ್ಬ ಓದುಗಿ, ಇರ್ವಿಂಗ್)

ಉತ್ತರ: ಚೆಂಡು ಬಿಡಿ ತಾಯಿ, ಅದನ್ನು ಅವರಿಬ್ಬರೂ ನೋಡಿಕೊಳ್ಳುತ್ತಾರೆ. ನೀವು ಡಲ್ಲಾಸ್ ಸಾಲಿನ ತುದಿಯಲ್ಲಿ ನಿಂತವನನ್ನು ಮಾತ್ರ ನೋಡಿ. ಮೂರು ಸೆಕೆಂಡ್ ಸಾಕು. ಚೆಂಡು ಎದ್ದ ಕ್ಷಣ ಅವನ ಮೊದಲ ಹೆಜ್ಜೆ ಎದುರಿಗಿರುವವನಿಗಿಂತ ಮೊದಲು ಬಿತ್ತೋ ಇಲ್ಲವೋ? ಎದುರಿನವನ ಕೈಯನ್ನು ಇವನು ಕೆಳಗೆ ತಳ್ಳಿದನೋ, ಅಥವಾ ಅವನ ಕೈ ಇವನ ಎದೆಗೆ ಬಿತ್ತೋ? ಎದೆಗೆ ಬಿದ್ದರೆ ಆ ಸಲ ಮುಗಿಯಿತು. ಇವನೊಬ್ಬನಿಗೆ ಎದುರಾಳಿ ಇಬ್ಬರನ್ನು ಕಳಿಸುತ್ತಿದ್ದರೆ, ಇವನು ಏನೂ ಮಾಡದಿದ್ದರೂ ಒಳ್ಳೇದೇ ಮಾಡುತ್ತಿದ್ದಾನೆ ಅಂತ ತಿಳಿಯಿರಿ. ಗಂಡನಿಗೆ ಅದನ್ನು ಹೇಳಿ ನೋಡಿ, ಕೂಗಾಟ ನಿಲ್ಲುತ್ತದೆ.

ಪ್ರಶ್ನೆ: ಹಾಗಾದರೆ ಎಷ್ಟು ಸ್ಯಾಕ್? ಒಂದು ನಂಬರ್ ಹೇಳಿ, ತಪ್ಪಿಸಿಕೊಳ್ಳಬೇಡಿ.
(ಮೇಲಿನ ಪ್ಲೇನೋ ಓದುಗರ ಮಗ, ಅಪ್ಪನ ಪತ್ರದ ಕೆಳಗೇ ಬರೆದದ್ದು)

ಉತ್ತರ: ಮರಿ, ನನಗೆ ನಿನ್ನ ಅಕ್ಷರ ಇಷ್ಟವಾಯಿತು, ಕನ್ನಡದಲ್ಲೇ ಬರೆದಿದ್ದೀಯ. ಈ ಸಾಲು ಬರೆಯುವ ಹೊತ್ತಿಗೆ ಅವನಿನ್ನೂ ಡಲ್ಲಾಸ್ ಜೆರ್ಸಿಯಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ಉಳಿದಿರುವುದು 15. ಅದರಲ್ಲಿ 12 ಆಡಿದರೆ ಆರು ಸ್ಯಾಕ್. ಹತ್ತಕ್ಕಿಂತ ಕಮ್ಮಿ ಆಡಿದರೆ ಎರಡು, ಆಗ ನಿಮ್ಮಪ್ಪನ ಬದನೆಕಾಯಿಯೇ ಗೆದ್ದ ಹಾಗೆ. 28ನೇ ತಾರೀಖು ಪಾರ್ಸನ್ಸ್ ಗ್ರೀನ್ ಬೇ ಜೊತೆ ಇಲ್ಲಿಗೇ ಬರುತ್ತಾನೆ. ಅವತ್ತು ಇಬ್ಬರನ್ನೂ ಹೋಲಿಸಲು ಹೋಗಬೇಡ, ಹೊಟ್ಟೆ ಉರಿಯುತ್ತದೆ. ನೋಟ್‌ಬುಕ್‌ನಲ್ಲಿ ಹಾಜರಿಗೆ ಅಂತ 15 ಚೌಕ ಗೀಚಿಟ್ಟಿದ್ದೇನೆ. ಮೊದಲನೆಯದು ಈ ಭಾನುವಾರ, ಷಿಕಾಗೋದಲ್ಲಿ.